ಖರಾಬು ಎಂದು ಬರೆದ ಕಾಡು

ಹೊನ್ನವಳ್ಳಿಯ ಆ ತೋಟದ ಮನೆಯಲ್ಲಿ ಅಂದು ಅಟ್ಟದಿಂದ ಕಾಯಿ ಇಳಿಸುವ ಕೆಲಸ. ವರ್ಷದ ಹತ್ತಿರ ಅಟ್ಟದ ಮೇಲೆ ಕೂತ ಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಎಂದು ತಿಳಿಯಲು ಒಡೆಯಬೇಕಾಗಿಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು. ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಒಳಗೆ ಉರುಳುವ ಸದ್ದು ಬಂದರೆ ತಿಪಟೂರು ಮಾರುಕಟ್ಟೆಗೆ ತಯಾರು ಎಂದು ಅರ್ಥ. ಹಾಗೆ ಒಂದೊಂದೇ ಕಾಯಿ ಅಲ್ಲಾಡಿಸಿ ಎರಡು ರಾಶಿ ಮಾಡುತ್ತಿದ್ದವರು ಸರ್ವೆ ಇಲಾಖೆಯಿಂದ ನಿವೃತ್ತರಾದ ಹಿರಿಯರು. ಜಗುಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದವಳು ಅವರ ತಮ್ಮನ ಮಗಳು. ಬೆಂಗಳೂರಿನಲ್ಲಿ ಅನುವಾದ ಅವಳ ಕಸುಬು. ಮಕ್ಕಳಿಗಾಗಿ ಬರೆದ ಒಂದು ಪರಿಸರದ ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದವಳು ಮೊದಲ ಪುಟದಲ್ಲೇ ನಿಂತಿದ್ದಳು.

"ದೊಡ್ಡಪ್ಪ, ವೈಲ್ಡರ್‌ನೆಸ್ ಅನ್ನೋದಕ್ಕೆ ನೀವು ಏನಂತೀರಿ?"

"ಎಷ್ಟು ಎಕರೆ?" ಎಂದರು ಅವರು, ತಲೆ ಎತ್ತದೆ.

ಅವಳಿಗೆ ನಗು ಬಂತು. ಆದರೆ ಪ್ರಶ್ನೆ ಅಷ್ಟು ಅಸಂಬದ್ಧವೇನೂ ಆಗಿರಲಿಲ್ಲ. ಅಮೆರಿಕ 1964ರಲ್ಲಿ ಈ ಪದದ ಹೆಸರಿನಲ್ಲೇ ಒಂದು ಕಾನೂನು ಮಾಡಿತು. ಅದರ ಪ್ರಕಾರ ಇಂಥ ಜಾಗ ಸಾಮಾನ್ಯವಾಗಿ ಐದು ಸಾವಿರ ಎಕರೆಗೆ ಕಡಿಮೆ ಇರಬಾರದು. ಅಲ್ಲಿ ಮನುಷ್ಯ ಬಂದು ಹೋಗಬಹುದೇ ಹೊರತು ನೆಲೆ ನಿಲ್ಲುವಂತಿಲ್ಲ. ಅವಳು ಇದನ್ನು ಹೇಳಿದಾಗ ಹಿರಿಯರ ಮುಖ ಅರಳಿತು.

"ನೋಡು ಮತ್ತೆ! ಅಳತೆ ಇಲ್ಲದೆ ಯಾವ ಸರ್ಕಾರನೂ ಮಾತಾಡಲ್ಲ. ಆದ್ರೆ ಮನುಷ್ಯ ನೆಲೆ ನಿಲ್ಲದೇ ಇರೋ ಐದು ಸಾವಿರ ಎಕರೆ ನಮ್ಮ ಸೀಮೆಲಿ ಎಲ್ಲಿ ತರ್ತೀಯ? ಕಾಡು ಅಂತ ಬರಿ, ಆಯ್ತು."

"ಕಾಡು ಅಂದ್ರೆ ಮಕ್ಕಳು ಮರ ಅಂದ್ಕೊಳ್ತಾರೆ. ಈ ಪುಸ್ತಕದಲ್ಲಿ ಮರಳುಗಾಡೂ ಬರುತ್ತೆ, ಹಿಮದ ಬಯಲೂ ಬರುತ್ತೆ."

"ಮರಳುಗಾಡು ಅಂತ ನೀನೇ ಅಂದ್ಯಲ್ಲ. ಅಲ್ಲಿರೋದೂ ಕಾಡೇ. ಬೆಂಗಾಡು, ಸುಡುಗಾಡು, ಎಲ್ಲದರಲ್ಲೂ ಅದೇ. ಸುಡುಗಾಡಲ್ಲಿ ಎಷ್ಟು ಮರ ನೋಡಿದ್ದೀಯ? ಊರಲ್ಲದ್ದೆಲ್ಲ ಕಾಡು. ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ ಅಂತ ವಯಸ್ಸಾದವರು ಅನ್ನಲ್ವಾ, ಅವರೇನು ಮರ ಎಣಿಸಿ ಅಂತಾರಾ?"

ಈ ಮಾತಿಗೆ ಅವಳ ಬಳಿ ತಕ್ಷಣ ಉತ್ತರವಿರಲಿಲ್ಲ. ಇಂಗ್ಲಿಷ್ ಪದದ ಹುಟ್ಟನ್ನು ಮಾತ್ರ ಅವಳು ಚೆನ್ನಾಗಿ ಓದಿಕೊಂಡಿದ್ದಳು. ಹಳೆಯ ಇಂಗ್ಲಿಷಿನಲ್ಲಿ 'ವೈಲ್ಡ್' ಎಂದರೆ ಪಳಗದ್ದು. 'ಡೇಯರ್' ಎಂದರೆ ಪ್ರಾಣಿ. ಇಂದು ಜಿಂಕೆಗಷ್ಟೇ ಮೀಸಲಾದ 'ಡಿಯರ್' ಒಂದು ಕಾಲಕ್ಕೆ ಯಾವ ಮೃಗವನ್ನಾದರೂ ಸೂಚಿಸುತ್ತಿತ್ತು. ಪಳಗದ ಪ್ರಾಣಿಗಳಿರುವ ಜಾಗ, ಅಷ್ಟೇ ಆ ಪದದ ಮೊದಲ ಅರ್ಥ. ಅದರೊಳಗೆ ಮರವೂ ಇರಲಿಲ್ಲ, ಮನುಷ್ಯ ಇರಬಾರದೆಂಬ ಷರತ್ತೂ ಇರಲಿಲ್ಲ.

"ಮೃಗ ಅನ್ನೋದೂ ಹಾಗೇ ಅಲ್ವೇನಮ್ಮ?" ಎಂದರು ದೊಡ್ಡಪ್ಪ. "ಹುಲಿನೂ ಮೃಗ, ಕರಡಿನೂ ಮೃಗ. ಮೃಗಶಿರ ಮಳೆ ಅಂದಾಗ ಮಾತ್ರ ಜಿಂಕೆ ತಲೆ."

ಸಂಸ್ಕೃತದ ಮೃಗ ಶಬ್ದವೂ ಒಮ್ಮೆ ಕಾಡುಪ್ರಾಣಿ, ಇನ್ನೊಮ್ಮೆ ಜಿಂಕೆ. ಎಲ್ಲೋ ಇರುವ ಎರಡು ಭಾಷೆಗಳು ಒಂದೇ ಪ್ರಾಣಿಯ ಹಿಂದೆ ಓಡಿ ಒಂದೇ ಬೇಲಿಯ ಸಂದಿಯಲ್ಲಿ ನುಸುಳಿದ ಹಾಗೆ ಇದೆ ಇದು.

ಪುಸ್ತಕದ ಮೊದಲ ಅಧ್ಯಾಯ ಯೆಲ್ಲೋಸ್ಟೋನ್ ಬಗ್ಗೆ. 1872ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಯಾರೂ ಮುಟ್ಟದ ನೆಲ ಎಂದು ಅದನ್ನು ಲೋಕಕ್ಕೆ ತೋರಿಸಿದರು. ಶೋಶೋನಿಯಂಥ ಬುಡಕಟ್ಟುಗಳು ಅಲ್ಲಿ ತಲೆಮಾರುಗಳಿಂದ ಬೇಟೆಯಾಡುತ್ತ, ನೆಲೆಸುತ್ತ ಬಂದಿದ್ದವು. ಅವರನ್ನು ಹೊರಗಿಟ್ಟ ಮೇಲೆ 'ಯಾರೂ ಇಲ್ಲ' ಎಂಬ ಮಾತು ನಿಜವಾಯಿತು. ಬೆಂಗಳೂರಿನಲ್ಲೇ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ 1989ರಲ್ಲಿ ಬರೆದ ಒಂದು ಪ್ರಬಂಧ ಈ ಕಲ್ಪನೆಯನ್ನೇ ಪ್ರಶ್ನಿಸಿತು: ಜನ ದಟ್ಟವಾಗಿರುವ, ಕಾಡನ್ನು ನೆಚ್ಚಿ ಬದುಕುವವರು ಇರುವ ಭಾರತದಂಥ ದೇಶಕ್ಕೆ ಅಮೆರಿಕದ ಈ ಮಾದರಿ ತಂದು ಹಾಕಿದರೆ ಪೆಟ್ಟು ಬೀಳುವುದು ಬಡವರಿಗೆ ಎಂಬುದು ಅವರ ವಾದ. ಅವಳು ಇದನ್ನೆಲ್ಲ ವಿವರಿಸುವಾಗ ದೊಡ್ಡಪ್ಪ ಒಂದು ಕಾಯಿಯನ್ನು ಮೂರು ಸಲ ಅಲ್ಲಾಡಿಸಿ, ಅನುಮಾನವಾಗಿ, ಮತ್ತೆ ಅಟ್ಟಕ್ಕೆ ಹಾಕುವ ರಾಶಿಗೆ ಎಸೆದರು.

"ನಮ್ಮಲ್ಲಿ ಜನಾನ ಓಡಿಸೋ ಅಗತ್ಯ ಬೀಳಲಿಲ್ಲ," ಎಂದರು. "ಒಂದು ಪದ ಬರೆದ್ರು. ಖರಾಬು."

ಪಹಣಿ ನೋಡಿದವರಿಗೆಲ್ಲ ಗೊತ್ತಿರುವ ಕಲಮು ಅದು. ಒಟ್ಟು ವಿಸ್ತೀರ್ಣ, ಅದರ ಕೆಳಗೆ ಫೂಟ್ ಖರಾಬು ಎ, ಫೂಟ್ ಖರಾಬು ಬಿ, ಕಳೆದು ಉಳಿದದ್ದಕ್ಕೆ ಕಂದಾಯ. ಬೇಸಾಯಕ್ಕೆ ಬಾರದ ನೆಲ, ಕಣ, ಬಂಡೆ ಇವೆಲ್ಲ ಎ. ದಾರಿ, ಹಳ್ಳ, ಕೆರೆ, ಸ್ಮಶಾನ ಹೀಗೆ ಸಾರ್ವಜನಿಕರಿಗೆ ಬಿಟ್ಟದ್ದು ಬಿ. ಖರಾಬು ಅರಬಿಯಿಂದ ಬಂದ ಮಾತು. ಹಾಳು, ಕೆಟ್ಟದ್ದು ಎಂದು ಅರ್ಥ. ಇಂಗ್ಲಿಷ್ ಕಂದಾಯದ ಲೆಕ್ಕ ಇಂಥ ನೆಲವನ್ನು 'ವೇಸ್ಟ್' ಎಂದು ಕರೆಯಿತು. ಯಾವ ನೆಲ ದುಡ್ಡು ಕೊಡುವುದಿಲ್ಲವೋ ಅದು ಹಾಳು.

"ನಾನು ಕೆಲಸಕ್ಕೆ ಸೇರಿದಾಗ ಸರಪಳಿ ಎಳೀತಿದ್ವಿ," ಎಂದು ಅವರು ಕೈಯಿಂದ ನೆಲದ ಮೇಲೆ ಗೆರೆ ಹಾಕಿ ತೋರಿಸಿದರು. "ಒಂದು ಸರಪಳಿ 33 ಅಡಿ. ಅದರಲ್ಲಿ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲ ಅಂದ್ರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹೊಲ ಸಿಕ್ಕರೆ ಅಳತೆ ಸಲೀಸು. ಹಳ್ಳ ಬಂತು, ಕಾರೆಮುಳ್ಳಿನ ಪೊದೆ ಬಂತು ಅಂದ್ರೆ ಒಳಗೆ ಯಾರು ನುಗ್ತಾರೆ? ಸುತ್ತ ಬಂದು ಖರಾಬು ಅಂತ ಬರೆದು ಮುಂದಕ್ಕೆ. ಆ ಪೊದೆ ಒಳಗೆ ಏನಿತ್ತು ಅಂತ ಯಾವ ಟಿಪ್ಪಣಿ ಪುಸ್ತಕದಲ್ಲೂ ಇಲ್ಲ."

"ಏನಿತ್ತು?"

"ಗೌಜಲಕ್ಕಿ ಇತ್ತು. ಮೊಲ ಇತ್ತು. ತೋಳ ಮರಿ ಹಾಕ್ತಿತ್ತು ಅಂತ ಹಟ್ಟಿಯವರು ಹೇಳೋರು. ತಂಗಡಿ, ಬಂದರೆ, ಎಲಚಿ, ಕಾರೆ. ಹುಲ್ಲಲ್ಲೇ ಜಾತಿ ಎಷ್ಟೋ. ನಮ್ಮ ಲೆಕ್ಕದಲ್ಲಿ ಎಲ್ಲ ಸೇರಿ ಸೊನ್ನೆ."

ತೆಂಗಿನ ಸೀಮೆ ಎಂದರೆ ಹೊರಗಿನವರಿಗೆ ಕಣ್ಣು ಹಾಯುವಷ್ಟೂ ತೋಟ. ಹೊನ್ನವಳ್ಳಿಯ ಗಂಗಾಪಾಣಿ ಕಾಯಿಯ ರುಚಿ ಮೈಸೂರು ಗೆಜೆಟಿಯರಿಗೂ ಹತ್ತಿದ್ದು ಹೌದು. ಊರು ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವೂ ಆಗಿತ್ತು. ರೈಲು ತಿಪಟೂರಿನ ಮೇಲೆ ಹೋಯಿತು, ಕಚೇರಿಯೂ ಅದರ ಹಿಂದೆ ಹೋಯಿತು. ಆದರೆ ಹಳೆಯ ತೋಟಗಳೆಲ್ಲ ಕೆರೆಯ ಹಿಂದೆ, ತಗ್ಗಿನಲ್ಲಿ. ಬೋರ್‌ವೆಲ್ ಬರುವ ಮೊದಲು ಏರು ನೆಲದಲ್ಲಿ ಇದ್ದದ್ದು ರಾಗಿ ಹೊಲ, ಗೋಮಾಳ, ಹುಲ್ಲುಬನ್ನಿ ಮತ್ತು ಕಾವಲು. 1800ರಲ್ಲಿ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ತೆಂಗನ್ನೂ ದನವನ್ನೂ ಗಮನಿಸಿ ಬರೆದುಕೊಂಡಿದ್ದು ಇದಕ್ಕೇ.

ಕಾವಲಿನ ಕತೆ ದೊಡ್ಡಪ್ಪನಿಗೆ ಇಷ್ಟದ ವಿಷಯ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯುವ, ದಂಡಿನ ಸಾಮಾನು ಹೊರುವ ಎತ್ತುಗಳು ಅಲ್ಲಿಂದ ಬರಬೇಕಿತ್ತು. ಆ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲು. 1860ರಲ್ಲಿ ಮದರಾಸಿನ ಗವರ್ನರ್ ಟ್ರೆವೆಲ್ಯನ್ ಖರ್ಚು ಉಳಿಸಲು ಮಂದೆಗಳನ್ನು ಮಾರಿಸಿದ. ಒಳ್ಳೆ ಎತ್ತು ಸಿಗುವುದೇ ಕಷ್ಟವಾಗಿ 1866ರಲ್ಲಿ ಮತ್ತೆ ಶುರುಮಾಡಬೇಕಾಯಿತು.

"ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆ ಕಾವಲು ಅಂತ ಮೂರು ಥರ," ಎಂದರು. "ದನ ಒಂದರಿಂದ ಇನ್ನೊಂದಕ್ಕೆ ನಡೀಬೇಕು. ಮೇಯ್ದು ಹೋದ ಹುಲ್ಲು ಮತ್ತೆ ಚಿಗುರೋಕೆ ಟೈಮ್ ಸಿಗಬೇಕಲ್ಲ. ಕಾಯೋದು ಅನ್ನೋದರಿಂದಲೇ ಕಾವಲು. ನಿಮ್ಮ ಅಮೆರಿಕದವರು ಮನುಷ್ಯ ಕೈ ಹಾಕದೆ ಇದ್ರೆ ಕಾಡು ಅಂದ್ರು. ನಮ್ಮಲ್ಲಿ ಮನುಷ್ಯ ಕಾದಿದ್ದಕ್ಕೇ ಅದು ಕಾಡಾಗಿ ಉಳೀತು."

ಅವಳು ಟೈಪ್ ಮಾಡುವುದು ನಿಲ್ಲಿಸಿದಳು. "ಅಂದ್ರೆ ಅದು ಕಾಡಲ್ಲ ದೊಡ್ಡಪ್ಪ, ಹುಲ್ಲುಗಾವಲು. ರಾಜರ ದನದ ಕೊಟ್ಟಿಗೆ ಅಂತಾರೆ ವೈಲ್ಡರ್‌ನೆಸ್ ಅಂತ ನಂಬಿದವರು."

"ಕೃಷ್ಣಮೃಗ ಹಾಗೆ ಅನ್ನಲಿಲ್ಲವಲ್ಲ. ದನದ ಜೊತೆಗೇ ಮೇಯ್ತಿತ್ತು."

ಅಮೃತಮಹಲ್ ಕಾವಲುಗಳು ಹಿಂದೆ ನಾಲ್ಕು ಲಕ್ಷ ಎಕರೆಗೂ ಮೀರಿ ಇದ್ದವು. ಈಗ ಉಳಿದದ್ದು ಅದರ ಒಂದು ಸಣ್ಣ ಪಾಲು. ತಿಪಟೂರು ತಾಲ್ಲೂಕಿನಲ್ಲಿ ಕೊನೇಹಳ್ಳಿಯ ಬಿದರೆಗುಡಿ ಕಾವಲಿನಲ್ಲಿ ಈಗಲೂ ಅಮೃತಮಹಲ್ ತಳಿ ಸಾಕುತ್ತಾರೆ. ಇದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಎಂಟುನೂರು ಎಕರೆಯೂ ಇಲ್ಲ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರ ಇರುವುದು ಕ್ಯಾಮೆರಾ ಟ್ರ್ಯಾಪ್‌ನಲ್ಲಿ ದಾಖಲಾಯಿತು. 2019ರಲ್ಲಿ ಅದು ಚಿಂಕಾರ ವನ್ಯಜೀವಿಧಾಮ. ಅದಕ್ಕೆ ಮೊದಲು ಆ ಕಡೆ ಹೋದವರಿಗೆ ಅಲ್ಲಿ ಕಂಡದ್ದು ಬರೀ ಮುಳ್ಳು.

ಇಷ್ಟರಲ್ಲಿ ಗೊಲ್ಲರಹಟ್ಟಿಯಿಂದ ಕುರಿಯವರೊಬ್ಬರು ಬಂದರು. ತೋಟದಲ್ಲಿ ಕುರಿಮಂದೆ ನಿಲ್ಲಿಸುವುದಕ್ಕೆ ರಾತ್ರಿಗೆ ಇಷ್ಟು ಎಂದು ದರ ಕುದುರಿಸಬೇಕಿತ್ತು. ಮಂದೆ ಮೂರ್ನಾಲ್ಕು ರಾತ್ರಿ ತಂಗಿದರೆ ಆ ಸಾಲಿನ ಮರಗಳ ಗರಿಯ ಬಣ್ಣವೇ ಬೇರೆಯಾಗುತ್ತದೆ ಎಂಬುದು ಇಲ್ಲಿಯವರ ಅನುಭವ. ಕಾಫಿ ಲೋಟ ಕೈಗೆ ಬಂದ ಮೇಲೆ ಅವಳು ಅವರನ್ನೂ ಕೇಳಿದಳು: ಕಾಡು ಅಂದ್ರೆ ಯಾವುದಣ್ಣ?

"ಕುರಿ ತಲೆ ಬಗ್ಸದೆಲ್ಲ ಕಾಡು ಕಣವ್ವ," ಎಂದರು ಅವರು. "ತಲೆ ಎತ್ಕಂಡು ಹೋಗದು ರೋಡು."

ಈ ಉತ್ತರವನ್ನು ಯಾವ ನಿಘಂಟೂ ಕೊಡಲಾರದು. ಅದರ ಹಿಂದೆ ದೊಡ್ಡ ಚರಿತ್ರೆಯೇ ಇದೆ. ತುಮಕೂರು, ಚಿತ್ರದುರ್ಗ ಸೀಮೆಯ ಗೊಲ್ಲರಲ್ಲಿ ಊರುಗೊಲ್ಲರು ಬೇರೆ, ಕಾಡುಗೊಲ್ಲರು ಬೇರೆ. ಕಾಡುಗೊಲ್ಲರ ಹಟ್ಟಿ ಊರಿನಿಂದ ದೂರ, ಸುತ್ತ ಮುಳ್ಳಿನ ಬೇಲಿ. ಅವರ ದೈವ ಜುಂಜಪ್ಪ ದನಗಾಹಿ ವೀರ. ಅವನ ಕಾವ್ಯವನ್ನು ಗಣೆ ಊದುತ್ತ ಹಾಡುತ್ತಾರೆ. ಅಂದರೆ ಇಲ್ಲಿ 'ಕಾಡು' ಎಂಬುದು ಜನರಿಲ್ಲದ ಜಾಗದ ಹೆಸರಲ್ಲ, ಒಂದು ಜನಸಮುದಾಯದ ಹೆಸರಿನ ಮೊದಲ ಭಾಗ. 'ಮನುಷ್ಯ ಬಂದು ಹೋಗುವ ಅತಿಥಿ' ಎಂಬ 1964ರ ಸೂತ್ರವನ್ನು ಹಟ್ಟಿಯವರ ಮುಂದೆ ಓದಿದರೆ ಅವರು ಯಾರನ್ನು ಅತಿಥಿ ಅಂದುಕೊಳ್ಳಬೇಕು?

"ಈಗ ಎಲ್ಲಿ ಮೇಯಿಸ್ತೀರಣ್ಣ?"

"ರೋಡ್ ಪಕ್ಕ. ಕೆರೆ ಅಂಗಳ. ಕೊಯ್ಲಾದ ಹೊಲ. ಗುಡ್ಡದ ಕಡೆ ಹೋದ್ರೆ ಫಾರೆಸ್ಟ್‌ನೋರು ಬೈತಾರೆ, ಗೋಮಾಳಕ್ಕೆ ಹೋದ್ರೆ ತಂತಿ ಬೇಲಿ." ಅವರು ದೊಡ್ಡಪ್ಪನ ಕಡೆ ತಿರುಗಿದರು. "ಐವತ್ತೇಳು ಹಾಕವ್ರೆ ಅಂತಾರೆ ಎಲ್ಲಾ."

ಐವತ್ತೇಳು ಎಂದರೆ ನಮೂನೆ 57. ಸರ್ಕಾರಿ ಜಮೀನು ಉಳುತ್ತಿರುವವರು ಸಕ್ರಮ ಮಾಡಿಕೊಡಿ ಎಂದು ಕೊಡುವ ಬಗರ್ ಹುಕುಂ ಅರ್ಜಿ. ಮೊದಲು 50, ಆಮೇಲೆ 53, 2018ರಿಂದ 57. ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಎಂದು ಭೂಕಂದಾಯ ನಿಯಮವೇ ಹೇಳುತ್ತದೆ. ಆದರೆ ದನ ಕಡಿಮೆಯಾದ ಊರಿನಲ್ಲಿ ಗೋಮಾಳ 'ಹೆಚ್ಚುವರಿ' ಆಗುತ್ತದೆ, ಗೋಮಾಳ ಕರಗಿದ ಊರಿನಲ್ಲಿ ದನ ಸಾಕುವುದು ಕಷ್ಟವಾಗುತ್ತದೆ. ಯಾವುದು ಮೊದಲು ಎಂದು ಕೇಳಿದರೆ ನಿವೃತ್ತ ಸರ್ವೆಯವರು ನಕ್ಕು ಸುಮ್ಮನಾದರು. ಭೂಮಿ ಇಲ್ಲದವನಿಗೆ ಎರಡು ಎಕರೆ ಸಿಗುವುದನ್ನು ತಪ್ಪು ಎನ್ನುವ ಧೈರ್ಯ ಅವರಿಗೂ ಇರಲಿಲ್ಲ, ಅವಳಿಗೂ ಇರಲಿಲ್ಲ.

ಕುರಿಯವರು ಹೋದ ಮೇಲೆ ಅವಳು ಇನ್ನೊಂದು ಎಳೆ ಹಿಡಿದಳು. ಇಂಗ್ಲಿಷರ ಮನಸ್ಸಿನಲ್ಲಿ ಈ ಪದವನ್ನು ಗಟ್ಟಿಮಾಡಿದ್ದು ಬೈಬಲ್. ಮೋಶೆ ತನ್ನ ಜನರನ್ನು ಕರೆದುಕೊಂಡು ನಲವತ್ತು ವರ್ಷ ಅಲೆದ ಜಾಗವನ್ನು ಹೀಬ್ರೂ ಭಾಷೆ 'ಮಿದ್ಬಾರ್' ಎನ್ನುತ್ತದೆ. ಮಂದೆಯನ್ನು ಅಟ್ಟಿಕೊಂಡು ಹೋಗುವ ಜಾಗ ಎಂಬ ಅರ್ಥ ಅದರ ಬೇರಿನಲ್ಲಿದೆ ಎಂದು ಆ ಭಾಷೆ ಬಲ್ಲವರು ವಿವರಿಸುತ್ತಾರೆ. ಉಳದ ನೆಲ, ಮಳೆ ಬಂದಾಗ ಹುಲ್ಲು ಬರುವ ನೆಲ. ಬೈಬಲಿನ ನಾಲ್ಕನೇ ಪುಸ್ತಕದ ಹೀಬ್ರೂ ಹೆಸರೇ 'ಮಿದ್ಬಾರಿನಲ್ಲಿ' ಎಂದು. ಇಂಗ್ಲಿಷಿನಲ್ಲಿ ಅದರ ಹೆಸರು 'ಸಂಖ್ಯೆಗಳು' ಎಂದಾಯಿತು. ಕನ್ನಡಕ್ಕೆ ತಂದವರು ಇಟ್ಟದ್ದು ಅರಣ್ಯಕಾಂಡ.

"ರಾಮಾಯಣದ ಥರಾನೇ!" ದೊಡ್ಡಪ್ಪ ಕಾಯಿ ಕೆಳಗಿಟ್ಟರು.

"ಹೂಂ. ಸೀನಾಯಿ ಬೆಂಗಾಡೂ ಅರಣ್ಯ, ದಂಡಕಾರಣ್ಯನೂ ಅರಣ್ಯ."

"ಆ ಮಿದ್ಬಾರು ಅಂದ್ಯಲ್ಲ, ಅದು ಕಾವಲು ಕಣಮ್ಮ. ಬೇರೆ ಏನಲ್ಲ."

ಜಂಗಲ್ ಎಂಬ ಮಾತಿನ ಪಾಡಂತೂ ಇನ್ನೂ ವಿಚಿತ್ರ. ಆಯುರ್ವೇದದಲ್ಲಿ ಜಾಂಗಲ ಎಂದರೆ ಒಣ ಬಯಲು ಸೀಮೆ. ನೀರು, ಕೆಸರು ತುಂಬಿದ ಅನೂಪ ದೇಶಕ್ಕೆ ಅದು ವಿರುದ್ಧ. ಮುಳ್ಳಿನ ಗಿಡ, ಹುಲ್ಲು, ಓಡುವ ಜಿಂಕೆ, ಆರೋಗ್ಯಕ್ಕೆ ಒಳ್ಳೆಯ ಗಾಳಿ. ಕೃಷ್ಣಮೃಗ ತಾನಾಗಿ ಓಡಾಡುವ ದೇಶವೇ ಯಜ್ಞಕ್ಕೆ ಯೋಗ್ಯ ಎಂದು ಮನುಸ್ಮೃತಿಯೂ ಎಣಿಸಿತು. ಫ್ರೆಂಚ್ ವಿದ್ವಾಂಸ ಫ್ರಾನ್ಸಿಸ್ ಝಿಮ್ಮರ್‌ಮನ್ ಇದರ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಆ ಮಾತು ಇಂಗ್ಲಿಷಿಗೆ ಹೋಗಿ ಬಳ್ಳಿ ಹೆಣೆದುಕೊಂಡ ಕತ್ತಲ ಮಳೆಕಾಡಾಗಿ ಹಿಂದಿರುಗಿತು. ಈಗ ಹೊನ್ನವಳ್ಳಿಯ ಮಕ್ಕಳಿಗೆ ಜಂಗಲ್ ಎಂದರೆ ಅಮೆಜಾನ್. ತಮ್ಮ ಶಾಲೆಯ ಹಿಂದಿನ ತಂಗಡಿ ಗಿಡದ ಬಯಲೇ ಅಸಲಿ ಜಾಂಗಲ ಎಂದು ಅವರಿಗೆ ಯಾರು ಹೇಳಬೇಕು?

ಮರ ಇಲ್ಲದ ನೆಲವನ್ನು ಕಂಡರೆ ಮರ ನೆಟ್ಟು ಉದ್ಧಾರ ಮಾಡಬೇಕೆನಿಸುವುದೂ ಇದೇ ಗೊಂದಲದಿಂದ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಬಯಲುಸೀಮೆಯ ತುಂಬ ನೀಲಗಿರಿ ಬಂತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲೇ ರೈತಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹುಣಸೆ ಮತ್ತು ಮಾವಿನ ಬೀಜ ಹಾಕಿದ್ದು ಆಗ ದೊಡ್ಡ ಸುದ್ದಿ. ನೀಲಗಿರಿಯನ್ನು ಬೈಯುವುದು ಈಗ ಸುಲಭ. ಆದರೆ ಹುಲ್ಲಿಗೆ ಹುಲ್ಲಾಗಿಯೇ ಇರಲು ಬಿಡಿ ಎಂದವರು ಆಗಲೂ ಕಡಿಮೆ, ಈಗಲೂ ಕಡಿಮೆ.

"ಸುಪ್ರೀಂ ಕೋರ್ಟು ಒಂದು ಸಲ ನಿಘಂಟು ನೋಡಿ ಅಂತು ಗೊತ್ತಾ?" ಎಂದು ದೊಡ್ಡಪ್ಪನೇ ನೆನಪಿಸಿದರು. ಅದು ಗೋದಾವರ್ಮನ್ ಪ್ರಕರಣದ 12 ಡಿಸೆಂಬರ್ 1996ರ ಆದೇಶ. ಅರಣ್ಯ ಎಂಬ ಮಾತಿಗೆ ನಿಘಂಟಿನ ಅರ್ಥವನ್ನೇ ಹಿಡಿಯಬೇಕು, ಒಡೆತನ ಯಾರದ್ದೇ ಇರಲಿ ಎಂದು ನ್ಯಾಯಾಲಯ ಹೇಳಿತು. ರಾಜ್ಯಗಳೆಲ್ಲ ಅರಣ್ಯದಂತಿರುವ ನೆಲವನ್ನು ಹುಡುಕಲು ಹೊರಟವು. ಕರ್ನಾಟಕದ ಮೊದಲ ಪಟ್ಟಿಯಲ್ಲಿ ಪರಿಭಾವಿತ ಅರಣ್ಯ 9.94 ಲಕ್ಷ ಹೆಕ್ಟೇರ್. 2022ರ ಆದೇಶದ ಹೊತ್ತಿಗೆ ಅದು 3.30 ಲಕ್ಷ ಹೆಕ್ಟೇರಿಗೆ ಇಳಿಯಿತು.

"ಆರು ಲಕ್ಷಕ್ಕೂ ಮಿಕ್ಕಿದ ಹೆಕ್ಟೇರು ಎಲ್ಲಿ ಹೋಯ್ತು ದೊಡ್ಡಪ್ಪ?"

"ಎಲ್ಲಿಗೂ ಹೋಗಿಲ್ಲ. ನೆಲ ಅಲ್ಲೇ ಇದೆ. ಪಟ್ಟಿಯಿಂದ ಇಳೀತು, ಅಷ್ಟೆ. ಅದರಲ್ಲಿ ಎಷ್ಟೋ ಕಡೆ ಮೊದಲೇ ತೋಟ, ಮನೆ, ಶಾಲೆ ಇತ್ತು. ಅದನ್ನ ಅರಣ್ಯ ಅಂದಿದ್ದೇ ತಪ್ಪು. ಎಷ್ಟೋ ಕಡೆ ನಿಜವಾಗ್ಲೂ ಪೊದೆ ಇತ್ತು. ಎರಡನ್ನೂ ಬಿಡಿಸಿ ನೋಡೋಕೆ ಸರಪಳಿ ಹಿಡಿದು ಒಳಗೆ ಹೋಗಬೇಕು. ಹೇಳಿದ್ನಲ್ಲ, ಒಳಗೆ ಯಾರು ಹೋಗ್ತಾರೆ?"

ಅವಳು ಕಾಡುಪಾಪದ ಮಾತು ತೆಗೆದಳು. ದೊಡ್ಡ ಕಣ್ಣಿನ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ, ರಾತ್ರಿ ಮಾತ್ರ ಓಡಾಡುವ ಆ ಪ್ರಾಣಿ ತುಮಕೂರು ಹತ್ತಿರದ ನಾಗವಲ್ಲಿಯಲ್ಲಿ ಊರ ಅಂಚಿನ ಮರಗಳಲ್ಲೇ ಬದುಕಿಕೊಂಡಿದೆ. ಅದಕ್ಕೆ ಐದು ಸಾವಿರ ಎಕರೆ ಬೇಕಿಲ್ಲ. ಕೊಂಬೆಯಿಂದ ಕೊಂಬೆಗೆ ದಾಟಲು ಒಂದಕ್ಕೊಂದು ತಾಗಿದ ಮರಗಳು, ಪೊದೆ, ತಿನ್ನಲು ಹುಳು ಇದ್ದರೆ ಸಾಕು. ನೆಲಕ್ಕಿಳಿದು ನಡೆಯುವುದು ಅದಕ್ಕೆ ಅಪಾಯ. ಸಾಲು ಹಿಡಿದು ನೆಟ್ಟ ತೆಂಗು ಎಷ್ಟೇ ಹಸಿರಾಗಿದ್ದರೂ ಅದರ ಕೆಲಸಕ್ಕೆ ಬರುವುದಿಲ್ಲ. ಬೇಲಿಯ ಹೊಂಗೆ, ಹಳ್ಳದ ಬಿದಿರು ಬರುತ್ತದೆ.

"ನಮ್ಮ ಸರ್ವೆ ನಂಬರಲ್ಲಿ ಖರಾಬು ಎಷ್ಟಿದೆ?" ಎಂದು ಕೇಳಿದಳು.

"ಎಂಟು ಗುಂಟೆ. ಬಿ ಖರಾಬು. ಹಿಂದಿನ ಹಳ್ಳ."

"ಅಲ್ಲಿ ಏನಿದೆ ಈಗ?"

"ಹೊಂಗೆ ಇದೆ, ಈಚಲು ಇದೆ, ಒಂದು ಹಳೇ ಅತ್ತಿ ಮರ ಇದೆ. ಬ್ಯಾಟರಿ ಬಿಟ್ರೆ ರಾತ್ರಿ ಕಣ್ಣು ಹೊಳೆಯುತ್ತೆ, ಪುನುಗೋ ಏನೋ, ನಾನು ಹತ್ತಿರ ಹೋಗಿ ನೋಡಿಲ್ಲ." ಅವರು ಮಂಡಿ ಹಿಡಿದುಕೊಂಡು ಎದ್ದು, ಕೊಬ್ಬರಿ ರಾಶಿಯ ಮೇಲೆ ಗೋಣಿಚೀಲ ಎಳೆದರು. "ಜೆಸಿಬಿ ತಂದು ಮಟ್ಟ ಮಾಡಿಸಿ ಇಪ್ಪತ್ತು ಸಸಿ ಇಡೋಣ ಅಂತಾನೆ ನಿಮ್ಮಪ್ಪ. ಬಿ ಖರಾಬು, ಇಡಂಗಿಲ್ಲ ಕಣೋ ಅಂದ್ರೆ, ಪಕ್ಕದವರೆಲ್ಲ ಇಟ್ಟಿದ್ದಾರೆ, ನಾವೊಬ್ಬರೇ ಯಾಕೆ ಹಾಳು ಬಿಡಬೇಕು ಅಂತಾನೆ. ನಾನು ಮೂವತ್ತು ವರ್ಷ ಬರೆದ ಪದಾನ ನನಗೇ ತಿರುಗಿಸಿ ಹೇಳ್ತಾನೆ. ಭಾನುವಾರ ಬರ್ತಾನಂತೆ, ಜೆಸಿಬಿಯವನಿಗೂ ಹೇಳಿದ್ದಾನೆ. ನೀನು ಇರ್ತೀಯೋ, ಶನಿವಾರವೇ ಹೊರಡ್ತೀಯೋ?"